60 ಪರ್ಸೆಂಟ್ ಏಟು ತಪ್ಪಿದಾಗ: ‘ದಿ ಬ್ಯಾಟಲ್ ಫಾರ್ ವೆಸ್‌ನಾತ್’ ಆಡುವ ಬಗೆ

ಪ್ರಶ್ನೆ: ಟರ್ನ್ ಬೇಸ್ಡ್ ಸ್ಟ್ರಾಟಜಿ ಆಟಗಳು, ಅಂದರೆ ಸರದಿ ಪ್ರಕಾರ ಆಡುವ ತಂತ್ರದ ಆಟಗಳು, ನನಗೆ ತುಂಬಾ ಇಷ್ಟ. ಗೆಳೆಯರೊಬ್ಬರು ‘ದಿ ಬ್ಯಾಟಲ್ ಫಾರ್ ವೆಸ್‌ನಾತ್’ ಆಡಿ ನೋಡಿ ಅಂದರು. ನೋಡೋಕೆ ಹಳೇ ಕಾಲದ ಆಟದ ಹಾಗಿದೆ. ‘ಏರ್ ಟು ದ ಥ್ರೋನ್’ ಕ್ಯಾಂಪೇನ್ (ಒಂದಾದ ಮೇಲೊಂದು ಮ್ಯಾಪ್ ಆಡುವ ಕಥೆ) ಶುರು ಮಾಡಿದೆ, ಮೊದಲ ಮ್ಯಾಪಿನಲ್ಲೇ ಮತ್ತೆ ಮತ್ತೆ ಸೋಲುತ್ತಿದ್ದೇನೆ. ಬೀಳುವ ಸಾಧ್ಯತೆ 60 ಪರ್ಸೆಂಟ್ ಅಂತ ತೋರಿಸಿದ ಏಟು ಮೂರಕ್ಕೆ ಮೂರೂ ತಪ್ಪುತ್ತದೆ. ಇದು ಬರೀ ಅದೃಷ್ಟದ ಆಟವಾ? ಇದಕ್ಕೆ ಸಮಯ ಕೊಡಬಹುದಾ? ಕೊಡುವುದಾದರೆ ಹೇಗೆ ಆಡಬೇಕು?

ಉತ್ತರ: ಸಮಯ ಕೊಡಿ, ಖಂಡಿತ ಕೊಡಿ. ಪುಕ್ಕಟೆ ಸಿಗುತ್ತದೆ, ಚಿತ್ರಗಳು ಹಳೆಯ ಶೈಲಿಯವು ಅನ್ನುವ ಕಾರಣಕ್ಕೆ ಈ ಆಟವನ್ನು ಎಷ್ಟೋ ಜನ ಹಗುರವಾಗಿ ನೋಡುತ್ತಾರೆ. ನನಗೆ ಅದು ನಿಜಕ್ಕೂ ಬೇಜಾರಿನ ಸಂಗತಿ. ಡೇವಿಡ್ ವೈಟ್ 2003ರಲ್ಲಿ ಇದರ ಮೊದಲ ಆವೃತ್ತಿ ಹೊರತಂದರು. ಸೆಗಾ ಕನ್ಸೋಲಿನಲ್ಲಿದ್ದ ‘ಮಾಸ್ಟರ್ ಆಫ್ ಮಾನ್‌ಸ್ಟರ್ಸ್’, ‘ವಾರ್‌ಸಾಂಗ್’ ಆಟಗಳಿಂದ ಅವರಿಗೆ ಪ್ರೇರಣೆ ಸಿಕ್ಕಿತ್ತು. ಕೋಡ್ ಎಲ್ಲರಿಗೂ ಮುಕ್ತವಾಗಿದ್ದರಿಂದ ಚಿತ್ರ ಬಿಡಿಸುವವರು, ಸಂಗೀತ ಮಾಡುವವರು, ಕಥೆ ಬರೆಯುವವರು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. 2005ರಲ್ಲಿ 1.0 ಆವೃತ್ತಿ ಬಂತು, 2018ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೂ ಬಂತು, ಇವತ್ತಿಗೂ ಅದರ ಮೇಲೆ ಕೆಲಸ ನಡೆಯುತ್ತಲೇ ಇದೆ. ಹಳೇ ಲ್ಯಾಪ್‌ಟಾಪಿನಲ್ಲೂ ಆರಾಮಾಗಿ ಓಡುತ್ತದೆ.

ಮೊದಲು ನಿಮ್ಮ ಮ್ಯಾಪಿನ ವಿಷಯ ಮುಗಿಸಿಬಿಡೋಣ. ಅಲ್ಲಿ ನಿಮಗೆ ಕೊಟ್ಟಿರುವ ಕೆಲಸ ವೈರಿಗಳಾದ ಆರ್ಕ್‌ಗಳನ್ನೆಲ್ಲ (ರಾಕ್ಷಸರಂಥವರು) ಕೊಲ್ಲುವುದಲ್ಲ. ನಿಮ್ಮ ನಾಯಕ ಕಾನ್ರಾಡ್‌ನನ್ನು ಕೈಮರದ ಹತ್ತಿರ ತಲುಪಿಸಿದರೆ ಸಾಕು, ಗೆದ್ದ ಹಾಗೆ. ಸುತ್ತ ಮುತ್ತಿಗೆ ಬಿದ್ದಿದೆ, ತಪ್ಪಿಸಿಕೊಂಡು ಹೋಗಿ ಅಂತ ಕಥೆಯೂ ಹೇಳುತ್ತದೆ. ಆದರೆ ಹೊಸಬರು ಕೋಟೆಯಲ್ಲೇ ನಿಂತು, ಇದ್ದಬದ್ದ ಚಿನ್ನವನ್ನೆಲ್ಲ ಆಳುಗಳನ್ನು ಕರೆಸಲು ಸುರಿದು, ಎಲ್ಲ ದಿಕ್ಕಿಗೂ ಕಾದಾಡುತ್ತಾರೆ. ಪ್ರತಿ ಮ್ಯಾಪಿನ ಶುರುವಿನಲ್ಲಿ ಗುರಿ ಏನು, ಎಷ್ಟು ಸರದಿ ಇದೆ ಅನ್ನುವುದನ್ನು ಓದಿಯೇ ಮುಂದೆ ಹೋಗಿ. ಒಂದು ಗುಂಪು ದಾರಿ ಬಿಡಿಸಲಿ, ಇನ್ನೊಂದು ಗುಂಪು ಹಿಂದಿನಿಂದ ಬರುವವರನ್ನು ತಡೆಯಲಿ, ಕಾನ್ರಾಡ್ ನಡುವೆ ನಡೆಯಲಿ. ಅಷ್ಟೇ.

ಈಗ ಅದೃಷ್ಟದ ಮಾತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 60 ಪರ್ಸೆಂಟ್ ಅಂದಕೂಡಲೇ ಮನಸ್ಸು ಅದನ್ನು ‘ಬಿದ್ದೇ ಬೀಳುತ್ತದೆ’ ಅಂತ ಓದಿಕೊಂಡುಬಿಡುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಮೂರು ಏಟಿನಲ್ಲಿ ಮೂರೂ ತಪ್ಪುವ ಸಾಧ್ಯತೆ 6.4 ಪರ್ಸೆಂಟ್. ಅಂದರೆ ಸುಮಾರು ಹದಿನಾರು ದಾಳಿಗೆ ಒಂದು ಸಲ ಹಾಗೆ ಆಗುತ್ತದೆ. ಒಂದು ದೊಡ್ಡ ಮ್ಯಾಪಿನಲ್ಲಿ ನೂರಕ್ಕೂ ಜಾಸ್ತಿ ದಾಳಿ ನಡೆಯುತ್ತವೆ. ಆರೇಳು ಸಲ ಹೀಗೆ ಕೈಕೊಡುವುದು ತೀರಾ ಮಾಮೂಲು. ಆಟ ಮೋಸ ಮಾಡುತ್ತಿದೆ ಅನ್ನಿಸಿದರೆ ಮೆನುವಿನಲ್ಲಿ ಸ್ಟಾಟಿಸ್ಟಿಕ್ಸ್ ತೆರೆದು ನೋಡಿ. ನೀವು ಕೊಟ್ಟ ಏಟು ಎಷ್ಟು, ತಿಂದದ್ದು ಎಷ್ಟು, ಸರಾಸರಿ ಪ್ರಕಾರ ಎಷ್ಟಾಗಬೇಕಿತ್ತು ಅನ್ನುವುದನ್ನೆಲ್ಲ ಅಲ್ಲಿ ಅಂಕಿಯಲ್ಲಿ ಕೊಟ್ಟಿರುತ್ತಾರೆ. ತಪ್ಪಿದ ಏಟು ನಮಗೆ ನೆನಪಿರುತ್ತದೆ, ವೈರಿಯದು ತಪ್ಪಿದ್ದು ಮರೆತುಹೋಗುತ್ತದೆ. ಆ ಪಟ್ಟಿ ಎರಡನ್ನೂ ಎಣಿಸಿಟ್ಟಿರುತ್ತದೆ.

ಹಾಗಾದರೆ ಜಾಣ್ಮೆ ಎಲ್ಲಿದೆ? ಯಾವ ಹೊತ್ತಿನಲ್ಲಿ, ಯಾವ ನೆಲದ ಮೇಲೆ ಕಾದಾಡಲು ಒಪ್ಪುತ್ತೀರಿ ಅನ್ನುವುದರಲ್ಲಿ. ವೆಸ್‌ನಾತ್‌ನಲ್ಲಿ ದಾಳ ಬೀಳುವ ಹೊತ್ತಿಗೆ ಮುಖ್ಯವಾದದ್ದೆಲ್ಲ ತೀರ್ಮಾನವಾಗಿ ಹೋಗಿರುತ್ತದೆ. ನನ್ನ ಪ್ರಕಾರ ಇಡೀ ಆಟದ ಜೀವ ಇರುವುದೇ ಇಲ್ಲಿ.

ಹೊತ್ತಿನಿಂದ ಶುರು ಮಾಡೋಣ. ಒಂದು ದಿನಕ್ಕೆ ಆರು ಸರದಿ: ಮುಂಜಾವು, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಸರದಿ. ಸ್ಪಿಯರ್‌ಮನ್ (ಈಟಿಯವನು), ಕ್ಯಾವಲ್ರಿಮನ್ (ಕುದುರೆಯವನು) ತರಹದ ಲಾಫುಲ್ (ಹಗಲಿನ ಕಡೆಯ) ಯೂನಿಟ್ಟುಗಳಿಗೆ, ಅಂದರೆ ಆಳುಗಳಿಗೆ, ಹಗಲಿನ ಎರಡು ಸರದಿಯಲ್ಲಿ ಏಟಿನ ಬಲ 25 ಪರ್ಸೆಂಟ್ ಜಾಸ್ತಿ, ರಾತ್ರಿ 25 ಪರ್ಸೆಂಟ್ ಕಡಿಮೆ. ಆರ್ಕ್‌ಗಳು, ಪ್ರೇತಗಳು ಕೇಯಾಟಿಕ್ (ರಾತ್ರಿಯ ಕಡೆಯವು), ಅವಕ್ಕೆ ಇದರ ಉಲ್ಟಾ. ನಿಮ್ಮ ಎಲ್ಫ್‌ಗಳು (ಕಾಡಿನ ಜನ) ಎರಡೂ ಕಡೆ ಸೇರಿದವರಲ್ಲ, ಅವರ ಬಲ ಯಾವಾಗಲೂ ಒಂದೇ. ಆದರೆ ಎದುರಿಗಿರುವ ಆರ್ಕ್‌ನ ಬಲ ಬದಲಾಗುತ್ತದಲ್ವಾ, ಹಾಗಾಗಿ ಎಲ್ಫ್‌ಗಳನ್ನು ಆಡಿಸುವವರೂ ಗಡಿಯಾರ ನೋಡಲೇಬೇಕು.

25 ಪರ್ಸೆಂಟ್ ಅಂದರೆ ಸಣ್ಣದು ಅನ್ನಿಸಬಹುದು. ಅಂಕಿ ನೋಡಿ. ಆರ್ಕ್‌ಗಳ ಕಾಲಾಳು ಆರ್ಕಿಶ್ ಗ್ರಂಟ್‌ನ ಏಟು 9, ಅಂದರೆ ಬಿದ್ದರೆ ಎದುರಿನವನ 9 ಎಚ್‌ಪಿ (ಜೀವದ ಅಂಕ) ಹೋಗುತ್ತದೆ. ಒಂದು ದಾಳಿಯಲ್ಲಿ ಎರಡು ಸಲ ಹೊಡೆಯುತ್ತಾನೆ. ರಾತ್ರಿ ಅದು 11 ಆಗುತ್ತದೆ, ಹಗಲು 7ಕ್ಕೆ ಇಳಿಯುತ್ತದೆ. ಸ್ಪಿಯರ್‌ಮನ್‌ನ ಏಟು 7, ಮೂರು ಸಲ. ಹಗಲು ಅದು 9, ರಾತ್ರಿ ಬರೀ 5. ಎಲ್ಲವೂ ಬಿದ್ದರೆ ಸ್ಪಿಯರ್‌ಮನ್ ಹಗಲಲ್ಲಿ 27 ಕೊಟ್ಟು 14 ತಿನ್ನುತ್ತಾನೆ. ರಾತ್ರಿ 15 ಕೊಟ್ಟು 22 ತಿನ್ನುತ್ತಾನೆ. ಅದೇ ಇಬ್ಬರು, ಅದೇ ಮೈದಾನ, ಬರೀ ಹೊತ್ತು ಬೇರೆ.

ಆದ್ದರಿಂದ ಮುಸ್ಸಂಜೆ ಆಗುತ್ತಿದ್ದಂತೆ ಹಿಂದೆ ಸರಿಯಿರಿ. ಹೊಸಬರಿಗೆ ಇದೇ ಕಷ್ಟ. ಮಧ್ಯಾಹ್ನವೆಲ್ಲ ಚೆನ್ನಾಗಿ ಹೊಡೆದು ಗೆಲ್ಲುತ್ತಿರುತ್ತೀರಿ, ಇನ್ನೊಂದೇ ಸರದಿ ಮುನ್ನುಗ್ಗೋಣ ಅನ್ನಿಸುತ್ತದೆ. ಆ ಒಂದು ಸರದಿಯಲ್ಲಿ ಗಾಯಗೊಂಡ ನಾಲ್ಕು ಯೂನಿಟ್ಟುಗಳು ಬಯಲಲ್ಲಿ ನಿಂತಿರುತ್ತವೆ, ಕತ್ತಲಾಗುತ್ತದೆ, ಆರ್ಕ್‌ಗಳ ಹೊಸ ತಂಡ ಬರುತ್ತದೆ. ಹಾಗೆ ಆಗುವುದರ ಬದಲು ಎರಡು ಮೂರು ಮನೆ (ಮ್ಯಾಪಿನ ಆರು ಬದಿಯ ಖಾನೆ) ಹಿಂದೆ ಬನ್ನಿ. ಗಾಯಗೊಂಡವರನ್ನು ಹಳ್ಳಿಗಳಿಗೆ ಕಳಿಸಿ, ಅಲ್ಲಿ ಸರದಿಗೆ 8 ಎಚ್‌ಪಿ ವಾಪಸ್ ಬರುತ್ತದೆ. ಗಟ್ಟಿಮುಟ್ಟಾಗಿರುವವರನ್ನು ಒಳ್ಳೆಯ ನೆಲದಲ್ಲಿ ನಿಲ್ಲಿಸಿ. ಕಂಪ್ಯೂಟರ್‌ಗೆ ತಾಳ್ಮೆ ಕಡಿಮೆ, ಅದು ಹಿಂದೆಯೇ ಬರುತ್ತದೆ. ಅದೂ ಒಟ್ಟಾಗಿ ಬರುವುದಿಲ್ಲ. ವೇಗದವರು ಮೊದಲು, ನಿಧಾನದವರು ಆಮೇಲೆ, ಹೀಗೆ ಚದುರಿಕೊಂಡು ಬರುತ್ತಾರೆ. ಬೆಳಗಾಗುವ ಹೊತ್ತಿಗೆ ಅವರೆಲ್ಲ ನಿಮ್ಮ ಮನೆಬಾಗಿಲಲ್ಲಿ ಬಲ ಕಳೆದುಕೊಂಡು ನಿಂತಿರುತ್ತಾರೆ.

ಒಳ್ಳೆಯ ನೆಲ ಅಂದೆ. ಇಲ್ಲಿ ಹೊಸಬರು ಗಮನಿಸದೆ ಹೋಗುವ ಒಂದು ಸಂಗತಿ ಇದೆ. ನಿಮಗೆ ಏಟು ಬೀಳುವ ಸಾಧ್ಯತೆ ನೀವು ನಿಂತ ಮನೆಯ ಮೇಲೆ ನಿಂತಿದೆ, ವೈರಿಗೆ ಬೀಳುವ ಸಾಧ್ಯತೆ ಅವನು ನಿಂತ ಮನೆಯ ಮೇಲೆ. ಹೊಡೆಯುವವನ ಕೈಚಳಕಕ್ಕೆ ಸಾಮಾನ್ಯವಾಗಿ ಇದರಲ್ಲಿ ಪಾತ್ರವಿಲ್ಲ. ಮನುಷ್ಯ ಕಾಲಾಳು ಹುಲ್ಲುಗಾವಲಲ್ಲಿ ನಿಂತರೆ 60 ಪರ್ಸೆಂಟ್ ಏಟು ಬೀಳುತ್ತದೆ. ಹಳ್ಳಿಯಲ್ಲೋ ಕೋಟೆಯಲ್ಲೋ ನಿಂತರೆ 40. ಆಳವಿಲ್ಲದ ನೀರಲ್ಲಿ ನಿಂತರೆ 80. ಎಲ್ಫ್‌ಗಳಿಗೆ ಕಾಡು ಸಿಕ್ಕರೆ ಅವರನ್ನು ಮುಟ್ಟುವುದೇ ಕಷ್ಟ. ಮಂತ್ರದ ಏಟು ಮಾತ್ರ ಯಾವ ನೆಲವನ್ನೂ ಲೆಕ್ಕಿಸುವುದಿಲ್ಲ, ಯಾವಾಗಲೂ 70 ಪರ್ಸೆಂಟ್.

ಹೊಳೆ ದಂಡೆಯ ಒಂದು ಹಳ್ಳಿಯನ್ನು ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಸ್ಪಿಯರ್‌ಮನ್ ನಿಂತಿದ್ದಾನೆ. ರಾತ್ರಿ, ಗ್ರಂಟ್ ನೀರಿಗಿಳಿದು ದಾಳಿ ಮಾಡುತ್ತಾನೆ. ಗ್ರಂಟ್‌ನ 11ರ ಎರಡು ಏಟು, ಬೀಳುವ ಸಾಧ್ಯತೆ 40 ಪರ್ಸೆಂಟ್, ಸರಾಸರಿ 8.8. ಸ್ಪಿಯರ್‌ಮನ್ ತಿರುಗಿ ಹೊಡೆಯುವ 5ರ ಮೂರು ಏಟು, ಬೀಳುವ ಸಾಧ್ಯತೆ 80 ಪರ್ಸೆಂಟ್, ಸರಾಸರಿ 12. ಕತ್ತಲಲ್ಲಿ, ದಾಳಿ ಮಾಡಿಸಿಕೊಂಡೂ ನಿಮ್ಮವನದೇ ಮೇಲುಗೈ. ಜೊತೆಗೆ ಈಟಿಯವನಿಗೆ ಫಸ್ಟ್ ಸ್ಟ್ರೈಕ್ ಇದೆ, ದಾಳಿ ಯಾರೇ ಮಾಡಲಿ ಮೊದಲ ಏಟು ಅವನದೇ. ಮುಂದಿನ ಸರದಿಗೆ ಹಳ್ಳಿ 8 ಎಚ್‌ಪಿ ಮರಳಿಸುತ್ತದೆ. ಇದೇ ಇಬ್ಬರು ಇದೇ ರಾತ್ರಿ ಬಯಲಲ್ಲಿ ಎದುರಾದರೆ ಗ್ರಂಟ್ ಸರಾಸರಿ 13.2 ಕೊಟ್ಟು 9 ತಿನ್ನುತ್ತಾನೆ. ಒಂದೇ ಒಂದು ಹೆಜ್ಜೆ ಮುಂದಿಟ್ಟು ನೀವೇ ನೀರಿಗಿಳಿದರಂತೂ ಕೇಳುವುದೇ ಬೇಡ. ಇಂಥ ಮನೆಗಳನ್ನು ಹುಡುಕುವುದಕ್ಕಾಗಿಯೇ ನಾನು ಮ್ಯಾಪ್ ಶುರುವಾದ ಕೂಡಲೇ ಯಾರನ್ನೂ ನಡೆಸದೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂರುತ್ತೇನೆ. ಎಲ್ಲಿ ನಿಂತು ರಾತ್ರಿ ಕಳೆಯಬಹುದು, ಬೆಳಗಾದ ಮೇಲೆ ಎಲ್ಲಿಂದ ನುಗ್ಗಬಹುದು ಅಂತ. ಆ ಹೊತ್ತೇ ನನಗೆ ಈ ಆಟದ ಅತ್ಯಂತ ಸುಖದ ಹೊತ್ತು.

ಸಾಲು ಕಟ್ಟುವುದನ್ನೂ ಕಲಿಯಿರಿ. ಮನೆಗಳಿಗೆ ಆರು ಬದಿ ಇರುವುದರಿಂದ ಒಂಟಿಯಾಗಿ ನಿಂತವನ ಮೇಲೆ ಆರು ಜನ ಬೀಳಬಹುದು. ಒತ್ತಾಗಿ ನೇರ ಸಾಲು ಕಟ್ಟಿದರೆ ನಡುವೆ ಇರುವವರ ಮೇಲೆ ಮುಂದಿನಿಂದ ಇಬ್ಬರಿಗೆ ಮಾತ್ರ ಜಾಗ. ಸಾಲು ಅಂಕುಡೊಂಕಾದರೆ ಮುಂದೆ ಚಾಚಿಕೊಂಡವನ ಮೇಲೆ ಮೂವರು ಬೀಳುತ್ತಾರೆ, ಹಾಗಾಗಿ ಆ ಜಾಗಕ್ಕೆ ಗಟ್ಟಿ ಆಳನ್ನೇ ಹಾಕಿ. ಇನ್ನೊಂದು ನಿಯಮ ಇದೆ, ಝೋನ್ ಆಫ್ ಕಂಟ್ರೋಲ್ ಅಂತ. ಪ್ರತಿ ಯೂನಿಟ್ಟಿನ ಸುತ್ತಲಿನ ಆರು ಮನೆಗಳ ಮೇಲೆ ಅದರ ಹಿಡಿತ ಇರುತ್ತದೆ. ವೈರಿ ಅಲ್ಲಿಗೆ ಕಾಲಿಟ್ಟರೆ ಆ ಸರದಿಯ ನಡಿಗೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಇಬ್ಬರ ನಡುವೆ ಎರಡು ಮನೆ ಖಾಲಿ ಬಿಟ್ಟರೂ ಒಂದೇ ಸರದಿಯಲ್ಲಿ ಯಾರೂ ನುಸುಳಿ ಹೋಗಲಾರರು. ಜನ ಕಡಿಮೆ ಇದ್ದಾಗ ಅಗಲವಾದ ದಾರಿಯನ್ನು ಕಾಯಲು ಇದು ಬಹಳ ಉಪಯೋಗ. ಸ್ಕರ್ಮಿಶರ್ ಗುಣ ಇರುವವರು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಲೆವೆಲ್ (ದರ್ಜೆ) ಸೊನ್ನೆಯ ಯೂನಿಟ್ಟುಗಳಿಗೆ ಈ ಹಿಡಿತವೇ ಇಲ್ಲ ಅನ್ನುವುದೂ ಗೊತ್ತಿರಲಿ.

ಇನ್ನು ಹೊಡೆಯುವ ಸರದಿ. ಕೈಗೆ ಸಿಕ್ಕವನಿಂದ ದಾಳಿ ಶುರು ಮಾಡಬೇಡಿ, ಕ್ರಮ ತುಂಬಾ ಮುಖ್ಯ. ಹತ್ತಿರದ ಆಯುಧಕ್ಕೆ ಹತ್ತಿರದ ಆಯುಧ, ದೂರದ್ದಕ್ಕೆ ದೂರದ್ದೇ ಉತ್ತರ ಕೊಡಬೇಕು ಅನ್ನುವುದು ಇಲ್ಲಿಯ ನಿಯಮ. ಗ್ರಂಟ್‌ಗೆ ಬಿಲ್ಲು ಇಲ್ಲ, ನಿಮ್ಮ ಎಲ್ವಿಶ್ ಆರ್ಚರ್ ಎಷ್ಟು ಬಾಣ ಬಿಟ್ಟರೂ ಅವನು ಸುಮ್ಮನೆ ತಿನ್ನಬೇಕು. ಎಲ್ವಿಶ್ ಶಾಮನ್ ಇದ್ದರೆ ಮೊದಲು ಅವಳಿಂದ ಶುರು ಮಾಡಿ. ಅವಳ ಏಟು ನೋಯಿಸುವುದು ಕಡಿಮೆ, ಆದರೆ ಬಿದ್ದರೆ ವೈರಿಯ ಬಲ ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಹೋಗುವ ಕತ್ತಿಯವರು ಅರ್ಧ ಪೆಟ್ಟು ತಿಂದರೆ ಸಾಕು. ಟ್ರೋಲ್ ಕಂಡರೆ ಒಂದೇ ಸರದಿಯಲ್ಲಿ ಮುಗಿಸುವಷ್ಟು ಜನ ಕೂಡುವವರೆಗೂ ಕಾಯಿರಿ. ಅದಕ್ಕೆ ಪ್ರತಿ ಸರದಿಗೂ 8 ಎಚ್‌ಪಿ ತಾನಾಗಿಯೇ ಬೆಳೆಯುತ್ತದೆ, ಚೂರುಪಾರು ಗಾಯ ಮಾಡಿ ಲಾಭವಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಇದು ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿಸಿದ ಲೆಕ್ಕ. ಗ್ರಂಟ್‌ನ ಮೂಲ ಎಚ್‌ಪಿ 38. ಹಗಲು, ಬಯಲು, ನಿಮ್ಮ ಕೈಯಲ್ಲಿ ಗಾಯವಿಲ್ಲದ ಇಬ್ಬರು ಸ್ಪಿಯರ್‌ಮನ್. ಇಬ್ಬರದೂ ಸೇರಿ 9ರ ಆರು ಏಟು. ನಾಲ್ಕು ಬಿದ್ದರೆ 36, ಇನ್ನೂ 2 ಉಳಿಯಿತು! ಹಾಗಾಗಿ ಆರರಲ್ಲಿ ಐದು ಬೀಳಲೇಬೇಕು. ಅದರ ಸಾಧ್ಯತೆ ಸುಮಾರು 23 ಪರ್ಸೆಂಟ್. ಈಗ ಪಕ್ಕದ ಮನೆಗೆ ಒಬ್ಬ ಲೆಫ್ಟಿನೆಂಟ್‌ನನ್ನು ತಂದು ನಿಲ್ಲಿಸಿ. ಅವನು ಕತ್ತಿ ಎತ್ತುವುದೂ ಬೇಡ. ಅವನ ಲೀಡರ್‌ಶಿಪ್ ಗುಣದಿಂದ ತನಗಿಂತ ಒಂದು ಲೆವೆಲ್ ಕೆಳಗಿರುವ ಇವರಿಬ್ಬರಿಗೂ ಮೂಲದ 7ರ ಮೇಲೆ ಇನ್ನೊಂದು 25 ಪರ್ಸೆಂಟ್ ಸೇರಿ ಏಟು 10 ಆಗುತ್ತದೆ. ಈಗ ನಾಲ್ಕು ಬಿದ್ದರೆ 40, ಕೆಲಸ ಮುಗಿಯಿತು. ಸಾಧ್ಯತೆ ಸುಮಾರು 54 ಪರ್ಸೆಂಟ್‌ಗೆ ಏರಿತು. ಏಟಿನ ಬಲ ಒಂದೇ ಅಂಕಿ ಏರಿದ್ದು, ಗೆಲ್ಲುವ ಸಾಧ್ಯತೆ ದುಪ್ಪಟ್ಟಿಗೂ ಮೀರಿತು. ಅದೃಷ್ಟ ಕೈಕೊಟ್ಟಿತು ಅನ್ನುವ ಎಷ್ಟೋ ಸರದಿಗಳಲ್ಲಿ ಹೀಗೆ ಒಬ್ಬ ಪಕ್ಕದಲ್ಲಿ ನಿಲ್ಲಬೇಕಿದ್ದವನು ನಿಂತಿರುವುದಿಲ್ಲ. ನಿಮ್ಮ ಕ್ಯಾಂಪೇನಿನಲ್ಲಿ ಎಲ್ವಿಶ್ ಫೈಟರ್ ಬಡ್ತಿ ಪಡೆದು ಕ್ಯಾಪ್ಟನ್ ಆದರೆ ಇದೇ ಗುಣ ಸಿಗುತ್ತದೆ. ದಾಳಿಯ ಕಿಟಕಿಯಲ್ಲಿ ಡ್ಯಾಮೇಜ್ ಕ್ಯಾಲ್ಕುಲೇಶನ್ಸ್ ಬಟನ್ ಒತ್ತಿದರೆ ಆ ಒಂದು ದಾಳಿಯ ಮಟ್ಟಿಗೆ ಇಂಥ ಲೆಕ್ಕವನ್ನು ಆಟವೇ ಮಾಡಿ ತೋರಿಸುತ್ತದೆ, ನೀವು ಪೆನ್ನು ಹಿಡಿಯಬೇಕಾಗಿಲ್ಲ.

ಯಾವಾಗಲೂ ಒಬ್ಬಿಬ್ಬರನ್ನು ನಡೆಸದೆ ಕೊನೆಗೆ ಇಟ್ಟುಕೊಳ್ಳಿ. ಅಂದುಕೊಂಡಂತೆ ವೈರಿ ಸತ್ತರೆ ಅವರಿಗೆ ಹಳ್ಳಿ ಹಿಡಿಯುವ ಕೆಲಸ. ಸಾಯದಿದ್ದರೆ ಸಾಲಿನಲ್ಲಿ ತೂತು ಮುಚ್ಚುವ ಕೆಲಸ. ಎಲ್ಲರನ್ನೂ ನಡೆಸಿ ಮುಗಿಸಿ, ಕೊನೆಯ ಏಟಿನ ಮೇಲೆ ಇಡೀ ಸರದಿಯನ್ನು ನಿಲ್ಲಿಸಿದರೆ 6.4 ಪರ್ಸೆಂಟ್ ಬಂದು ಬಾಗಿಲು ತಟ್ಟುತ್ತದೆ.

ಯೂನಿಟ್ಟುಗಳನ್ನು ಬೆಳೆಸುವುದು ಕ್ಯಾಂಪೇನಿನ ಅರ್ಧ ಆಟ. ಕಾದಾಡಿದ್ದಕ್ಕೆ ಎದುರಾಳಿಯ ಲೆವೆಲ್ಲಿನಷ್ಟು ಅನುಭವದ ಅಂಕ ಸಿಕ್ಕರೆ, ಕೊಂದವನಿಗೆ ಲೆವೆಲ್ಲಿನ ಎಂಟರಷ್ಟು ಸಿಗುತ್ತದೆ. ಗ್ರಂಟ್‌ನನ್ನು ಕೊಂದರೆ 8, ಲೆವೆಲ್ ಎರಡರ ವೈರಿಗೆ 16. ಹಾಗಾಗಿ ಕೊನೆಯ ಏಟು ಯಾರದು ಅನ್ನುವುದನ್ನು ಯೋಚಿಸಿ ಕೊಡಿ. ಬಡ್ತಿ ಸಿಕ್ಕ ಕ್ಷಣ ಗಾಯವೆಲ್ಲ ಮಾಯವಾಗಿ ಎಚ್‌ಪಿ ತುಂಬಿಕೊಳ್ಳುತ್ತದೆ. ಇನ್ನೇನು ಬಡ್ತಿ ಸಿಗಬೇಕಾದವನನ್ನು ಮುಂದಿನ ಸಾಲಿನಲ್ಲಿಟ್ಟು ಇದರ ಲಾಭ ತೆಗೆದುಕೊಳ್ಳಬಹುದು, ಆದರೆ ಅಪಾಯದ ಆಟ ಅದು. ಮುಂದಿನ ಮ್ಯಾಪಿನಲ್ಲಿ ಹಳಬರನ್ನು 20 ಚಿನ್ನ ಕೊಟ್ಟು ವಾಪಸ್ ಕರೆಯಬಹುದು. ಹೊಸ ಎಲ್ವಿಶ್ ಫೈಟರ್‌ಗೇ 14 ಬೇಕು. ಅಂದರೆ ಆರು ಚಿನ್ನ ಜಾಸ್ತಿ ಕೊಟ್ಟರೆ ನುರಿತ ಕ್ಯಾಪ್ಟನ್ ಬರುತ್ತಾನೆ, ಇದಕ್ಕಿಂತ ಒಳ್ಳೆಯ ವ್ಯಾಪಾರ ಈ ಆಟದಲ್ಲಿಲ್ಲ. ಆದರೆ ಎಲ್ಲರೂ ಹಳಬರೇ ಆದರೆ ಅವರ ಖರ್ಚು ಖಜಾನೆಗೆ ಭಾರ, ಅಪಾಯದ ಜಾಗಕ್ಕೆ ಕಳಿಸಲು ಮನಸ್ಸೂ ಬರುವುದಿಲ್ಲ. ನಾನು ಮೂರು ನಾಲ್ಕು ಜನ ಹಳಬರು, ಉಳಿದವರು ಹೊಸಬರು ಅಂತ ಬೆರೆಸುತ್ತೇನೆ.

ಸತ್ತವರು ಮತ್ತೆ ಬರುವುದಿಲ್ಲ. ಈ ಆಟ ನನ್ನನ್ನು ಹಿಡಿದಿಟ್ಟಿರುವುದು ಇದರಿಂದಲೇ. ಬಹುತೇಕ ಯೂನಿಟ್ಟುಗಳಿಗೆ ಒಂದು ಹೆಸರು, ಬಹಳಷ್ಟು ಜನಕ್ಕೆ ಎರಡು ಗುಣ ಇರುತ್ತವೆ. ಒಬ್ಬ ಚುರುಕು, ಒಬ್ಬ ಬಲಶಾಲಿ, ಒಬ್ಬ ಬೇಗ ಕಲಿಯುವವನು. ಮೊದಲ ಮ್ಯಾಪಿನಲ್ಲಿ ಯಾರೋ ಒಬ್ಬಳಾಗಿದ್ದ ಶಾಮನ್ ನಾಲ್ಕೈದು ಮ್ಯಾಪ್ ಕಳೆಯುವಷ್ಟರಲ್ಲಿ ಡ್ರೂಯಿಡ್ ಆಗಿ ಇಡೀ ಪಡೆಯನ್ನು ಬದುಕಿಸುತ್ತಿರುತ್ತಾಳೆ. ಅವಳನ್ನು ಕಾಪಾಡಲು ಒಬ್ಬ ಹೊಸಬನನ್ನು ಕಳೆದುಕೊಳ್ಳಬೇಕಾದಾಗ ಮೌಸ್ ಮೇಲಿನ ಕೈ ನಿಂತುಬಿಡುತ್ತದೆ. ಕಥೆಯಲ್ಲಿ ಬರೆದಿರದ ಕಥೆ ಹೀಗೆ ಹುಟ್ಟುತ್ತದೆ. ಏಟು ತಪ್ಪಿದಾಗಲೆಲ್ಲ ಸೇವ್ ಫೈಲ್ ತೆರೆದು ಅದೇ ಸರದಿಯನ್ನು ಮತ್ತೆ ಆಡಿದರೆ ಇದೆಲ್ಲ ಸಿಗುವುದಿಲ್ಲ. ಮ್ಯಾಪ್ ಪೂರ್ತಿ ಕೆಟ್ಟರೆ ಮೊದಲಿನಿಂದ ಆಡಿ, ಅದರಲ್ಲಿ ತಪ್ಪೇನಿಲ್ಲ. ಒಂದು ಕೆಟ್ಟ ಸರದಿಯನ್ನು ಮಾತ್ರ ಅಳಿಸಬೇಡಿ. ಅದರಿಂದ ಚೇತರಿಸಿಕೊಳ್ಳುವುದರಲ್ಲೇ ಕಲಿಕೆ ಇದೆ, ರುಚಿಯೂ ಇದೆ.

ಇನ್ನೊಂದು ಸೊಗಸು ಅಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಸಂಶೋಧನೆ, ಕಟ್ಟಡ, ನೂರಾರು ಸಾಮಾನಿನ ಪಟ್ಟಿ ಯಾವುದೂ ಇಲ್ಲ. ಅಂಕಿಗಳು ಚಿಕ್ಕವು, ತಲೆಯಲ್ಲೇ ಕೂಡಿ ಕಳೆಯಬಹುದು. ಚೆಸ್ ಹಾಗೆ ನಿಯಮ ಕಡಿಮೆ, ಯೋಚನೆ ಜಾಸ್ತಿ. ದೊಡ್ಡ ಹಣ ಸುರಿದು ಮಾಡಿದ ಎಷ್ಟೋ ಆಟಗಳಲ್ಲಿ ಈ ಅಚ್ಚುಕಟ್ಟು ನನಗೆ ಸಿಕ್ಕಿಲ್ಲ.

ಮುಂದೆ ಏನು ಆಡಬೇಕು? ‘ಏರ್ ಟು ದ ಥ್ರೋನ್’ ಪಕ್ಕಕ್ಕಿಡಿ, ಹೊಸಬರಿಗೆ ಅದು ಉದ್ದವೂ ಹೌದು, ಕಠಿಣವೂ ಹೌದು. ನಾಲ್ಕೇ ಮ್ಯಾಪಿನ ‘ಎ ಟೇಲ್ ಆಫ್ ಟೂ ಬ್ರದರ್ಸ್’ ಮೊದಲು ಮುಗಿಸಿ. ಆಮೇಲೆ ‘ದ ಸೌತ್ ಗಾರ್ಡ್’. ಡಿಯೊರಾನ್ ಅನ್ನುವ ಎಳೆಯ ಸೇನಾನಿಯ ಜೊತೆ ಸ್ಪಿಯರ್‌ಮನ್‌ಗಳನ್ನು, ಕುದುರೆಯವರನ್ನು ಆಡಿಸುತ್ತಾ ಹಗಲು ರಾತ್ರಿಯ ಲೆಕ್ಕ ಕೈಗೆ ಹತ್ತುತ್ತದೆ. ಅಸ್ಥಿಪಂಜರಗಳು ಎದುರಾದಾಗ ಈಟಿ ನಡೆಯುವುದಿಲ್ಲ ಅನ್ನುವುದನ್ನು ಮಾತ್ರ ನೆನಪಿಡಿ. ಅವುಗಳಿಗೆ ಗದೆ ಬೇಕು, ಬೆಂಕಿ ಬೇಕು, ಅಂದರೆ ಹೆವಿ ಇನ್ಫೆಂಟ್ರಿ (ಗದೆಯವನು) ಮತ್ತು ಮೇಜ್ (ಮಂತ್ರವಾದಿ). ಮೊದಲ ಸಲ ಸುಲಭದ ಮಟ್ಟದಲ್ಲೇ ಆಡಿ. ಬೇರೆಯವರ ಜೊತೆ ಆನ್‌ಲೈನ್ ಆಡುವ ಯೋಚನೆಯನ್ನು ಇವೆರಡು ಮುಗಿಯುವವರೆಗೂ ಬಿಟ್ಟುಬಿಡಿ, ಅಲ್ಲಿ ಕಂಪ್ಯೂಟರಿನಂತೆ ಚದುರಿ ಬರುವವರು ಯಾರೂ ಸಿಗುವುದಿಲ್ಲ.

ಅಷ್ಟಾದ ಮೇಲೆ ‘ಸನ್ ಆಫ್ ದ ಬ್ಲ್ಯಾಕ್ ಐ’ ಹಾಕಿ. ಅದರಲ್ಲಿ ನೀವೇ ಆರ್ಕ್‌ಗಳ ಕಡೆ. ಈವರೆಗೆ ಹೆದರಿಸಿದ ರಾತ್ರಿ ನಿಮ್ಮದಾಗುತ್ತದೆ, ಬೆಳಗಾಗುವ ಮೊದಲು ಗುಡ್ಡ ಸೇರಿಕೊಳ್ಳುವ ಆತುರವೂ ನಿಮ್ಮದೇ. ಅದೂ ರೂಢಿಯಾಯಿತು ಅನ್ನಿಸಿದಾಗ ‘ಅಂಡರ್ ದ ಬರ್ನಿಂಗ್ ಸನ್ಸ್’ ಇದೆ. ಅಲ್ಲಿಯ ಆಕಾಶದಲ್ಲಿ ಎರಡು ಸೂರ್ಯ. ಕಲಿತ ಗಡಿಯಾರವನ್ನು ಬಿಟ್ಟು ಹೊಸದನ್ನು ಕಲಿಯಬೇಕಾಗುತ್ತದೆ.